ತಮ್ಮ ಪ್ರೊಫೆಷನಲ್ ಫೈಟರ್ ಆಗ್ತಾನಂತೆ, ತಡೆಯಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ. ನಾಲ್ಕು ವರ್ಷದಿಂದ ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಮಿಕ್ಸ್‌ಡ್ ಮಾರ್ಷಿಯಲ್ ಆರ್ಟ್ಸ್) ಕಲಿಯುತ್ತಿದ್ದಾನೆ. ಅಮೆಚೂರ್ ಆಗಿ ಆರು ಫೈಟ್ ಆಡಿ ಐದು ಗೆದ್ದಿದ್ದಾನೆ. ಈಗ ಮೊದಲ ಪ್ರೊಫೆಷನಲ್ ಫೈಟ್‌ಗೆ ಕರೆ ಬಂದಿದೆ, ಇನ್ನು ಆರು ವಾರ ಇದೆ. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯುತ್ತೇನೆ ಅನ್ನುತ್ತಾನೆ. ಅವನ ತೂಕ 76 ಕೆ.ಜಿ., ಆಡುವುದು 65.8 ಕೆ.ಜಿ. ವಿಭಾಗದಲ್ಲಿ. ಕಳೆದ ಸಲ ತೂಕ ಇಳಿಸುವಾಗ ಸೌನಾದಿಂದ (ಬೆವರು ಸುರಿಸುವ ಬಿಸಿ ಕೋಣೆ) ಹೊರಗೆ ಬರಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಹದಿನೈದು ದಿನದ ಹಿಂದೆ ಸ್ಪಾರಿಂಗ್‌ನಲ್ಲಿ (ಜೊತೆಗಾರರೊಡನೆ ಹೊಡೆದಾಡುವ ಅಭ್ಯಾಸ) ತಲೆಗೆ ಪೆಟ್ಟು ಬಿದ್ದು ಕುಸಿದನಂತೆ. ಎರಡು ದಿನ ತಲೆನೋವು ಇತ್ತು. ಸ್ಕ್ಯಾನ್ ನಾರ್ಮಲ್ ಬಂತು ಅಂತ ಮೂರನೇ ದಿನವೇ ಜಿಮ್‌ಗೆ ಹೋದ. ಈಗಲೂ ಹೋಗುತ್ತಿದ್ದಾನೆ. ‘ಬಾಕ್ಸಿಂಗ್‌ಗಿಂತ ಇದು ಸೇಫ್ ಅಕ್ಕಾ’ ಅನ್ನುತ್ತಾನೆ. ಮನೆಯಲ್ಲಿ ನನ್ನ ಮಾತನ್ನು ಸ್ವಲ್ಪ ಕೇಳುತ್ತಾನೆ. ತಡೆಯಲಾ, ಬಿಡಲಾ? ಇದರಲ್ಲಿ ಜೀವನ ಮಾಡಲು ಆಗುತ್ತದಾ? ಎಷ್ಟು ವರ್ಷ ಆಡಬಹುದು?

ಉತ್ತರ: ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ನೀವು ಹೆದರುತ್ತಿರುವುದು ಫೈಟ್ ನಡೆಯುವ ಆ ಒಂದು ರಾತ್ರಿಗೆ. ಪತ್ರ ಓದಿದ ಮೇಲೆ ನನಗೆ ಕಳವಳ ತಂದದ್ದು ಉಳಿದ ದಿನಗಳು. ಸ್ಪಾರಿಂಗ್‌ನಲ್ಲಿ ಕುಸಿದದ್ದು, ಮೂರನೇ ದಿನವೇ ವಾಪಸ್ ಹೋದದ್ದು, ಸೌನಾದಿಂದ ಹಿಡಿದುಕೊಂಡು ತಂದದ್ದು. ಮೂರೂ ಫೈಟ್‌ಗೆ ಮೊದಲೇ ನಡೆದಿವೆ, ನೋಡಿ.

ನಾನು ಕ್ರೀಡಾ ವೈದ್ಯ. ಫೈಟರ್‌ಗಳ ಫಿಟ್‌ನೆಸ್ ಪರೀಕ್ಷೆ ಮಾಡುತ್ತೇನೆ, ತೂಕ ನೋಡುವ ದಿನ ಅವರ ಜೊತೆ ಇರುತ್ತೇನೆ, ಫೈಟ್ ನಡೆಯುವಾಗ ಕೇಜ್ (ಫೈಟ್ ಆಡುವ ಬಲೆಯ ಕಟ್ಟೆ) ಪಕ್ಕ ಕೂರುತ್ತೇನೆ. ಪ್ರೊಫೆಷನಲ್ ಫೈಟ್ ಎಂದರೆ ಸಾಮಾನ್ಯವಾಗಿ ಐದೈದು ನಿಮಿಷದ ಮೂರು ರೌಂಡ್. ಟೈಟಲ್ ಫೈಟ್ ಆದರೆ ಐದು ರೌಂಡ್. ವರ್ಷಕ್ಕೆ ಎರಡು ಮೂರು ಫೈಟ್ ಸಿಕ್ಕರೆ ಒಟ್ಟು ಒಂದು ಗಂಟೆಯೂ ಆಗುವುದಿಲ್ಲ. ಆ ಗಂಟೆಯಲ್ಲಿ ರೆಫರಿ ಇರುತ್ತಾರೆ, ಡಾಕ್ಟರ್ ಇರುತ್ತಾರೆ, ನಿಯಮ ಇರುತ್ತದೆ. ಜಿಮ್‌ನಲ್ಲಿ ಕಳೆಯುವ ನೂರಾರು ಗಂಟೆಗಳಲ್ಲಿ ಇವು ಯಾವುವೂ ಇರುವುದಿಲ್ಲ. ಇರುವುದು ಕೋಚ್ ಒಬ್ಬರೇ. ಒಬ್ಬ ಫೈಟರ್‌ನ ವೃತ್ತಿ ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಬಹುಪಾಲು ನಿಶ್ಚಯವಾಗುವುದು ಅಲ್ಲೇ.

ಹಾಗಾಗಿ ಬೇರೆಲ್ಲದಕ್ಕಿಂತ ಮೊದಲು ಆ ತಲೆಪೆಟ್ಟಿನ ವಿಷಯ.

ಸ್ಕ್ಯಾನ್ ನಾರ್ಮಲ್ ಅಂದರೆ ಏನು?

ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಮೂಳೆ ಬಿರುಕನ್ನು. ಅವೆರಡೂ ಇಲ್ಲ ಎಂದು ಗೊತ್ತಾಗಿದ್ದು ಒಳ್ಳೆಯದೇ. ಆದರೆ ಕನ್ಕಷನ್, ಅಂದರೆ ಪೆಟ್ಟಿನಿಂದ ಮೆದುಳಿನ ಕೆಲಸ ಏರುಪೇರಾಗುವುದು, ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ತಲೆ ಒಮ್ಮೆಲೇ ತಿರುಗಿದಾಗ ಮೆದುಳಿನ ನರತಂತುಗಳು ಎಳೆದಂತಾಗಿ, ಜೀವಕೋಶಗಳ ಲವಣದ ಸಮತೋಲ ಮತ್ತು ಶಕ್ತಿಯ ಬಳಕೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಏರುಪೇರಾಗುತ್ತದೆ. ಆಕಾರ ಸರಿಯಾಗಿಯೇ ಇರುತ್ತದೆ, ಕೆಲಸ ಕೆಟ್ಟಿರುತ್ತದೆ. ಹಾಗಾಗಿ ಚಿತ್ರ ಸರಿಯಾಗಿ ಬರುತ್ತದೆ, ಮನುಷ್ಯ ಸರಿ ಇರುವುದಿಲ್ಲ.

ಇನ್ನೊಂದು ತಪ್ಪು ನಂಬಿಕೆ ಇದೆ: ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಅಂತ. ನಿಜ ಹೇಳಬೇಕೆಂದರೆ ಕನ್ಕಷನ್ ಆದ ಹತ್ತು ಆಟಗಾರರಲ್ಲಿ ಒಂಬತ್ತು ಮಂದಿಗೆ ಪ್ರಜ್ಞೆ ತಪ್ಪಿರುವುದೇ ಇಲ್ಲ. ಪೆಟ್ಟಿಗೆ ಕಾಲು ಕುಸಿದು, ಆಮೇಲೆ ಎರಡು ದಿನ ತಲೆ ನೋಯುತ್ತಿತ್ತು ಎಂದರೆ, ಪರೀಕ್ಷೆ ಮಾಡಿ ಅಲ್ಲ ಎಂದು ಖಚಿತವಾಗುವ ತನಕ ಅದನ್ನು ಕನ್ಕಷನ್ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಮೂರನೇ ದಿನ ವಾಪಸ್ ಹೋದರೆ ಏನಾಗುತ್ತದೆ? ಇನ್ನೂ ಚೇತರಿಸಿಕೊಳ್ಳುತ್ತಿರುವ ಮೆದುಳಿಗೆ ಎರಡನೇ ಪೆಟ್ಟು ಬಿದ್ದರೆ, ಅದು ಸಣ್ಣದಾಗಿದ್ದರೂ ಹಾನಿ ಜಾಸ್ತಿ. ತೀರಾ ಅಪರೂಪಕ್ಕೆ, ಹೆಚ್ಚಾಗಿ ಚಿಕ್ಕ ವಯಸ್ಸಿನವರಲ್ಲಿ, ಮೆದುಳು ಊದಿಕೊಂಡು ಜೀವಕ್ಕೇ ಅಪಾಯವಾಗುತ್ತದೆ. ಅಷ್ಟು ದೂರ ಹೋಗದಿದ್ದರೂ ಪ್ರತಿಕ್ರಿಯೆ ನಿಧಾನವಾಗಿರುತ್ತದೆ. ನಿಧಾನವಾಗಿರುವವನಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡ ಎಷ್ಟೋ ಹುಡುಗರನ್ನು ಕಂಡಿದ್ದೇನೆ. ಹಿಂದಿನ ವರ್ಷ ತಡೆದುಕೊಳ್ಳುತ್ತಿದ್ದ ಪೆಟ್ಟಿಗೆ ಈ ವರ್ಷ ಬೀಳುತ್ತಾರೆ. ಜಿಮ್‌ನಲ್ಲಿ ಅದಕ್ಕೆ ‘ಚಿನ್ ಹೋಯ್ತು’ ಅನ್ನುತ್ತಾರೆ. ಹೋಗಿರುವುದು ಗದ್ದವಲ್ಲ. ಮೆದುಳಿಗೆ ಪೆಟ್ಟು ತಾಳುವ ಶಕ್ತಿ ಕಡಿಮೆಯಾಗಿರುತ್ತದೆ. ಅದನ್ನು ಅಭ್ಯಾಸ ಮಾಡಿ ವಾಪಸ್ ಗಳಿಸಿಕೊಳ್ಳಲು ಬರುವುದಿಲ್ಲ.

ಅಮೆರಿಕದಲ್ಲಿ ಫೈಟ್‌ಗಳನ್ನು ನಿಯಂತ್ರಿಸುವ ರಾಜ್ಯಗಳ ಅಥ್ಲೆಟಿಕ್ ಕಮಿಷನ್‌ಗಳು ಫೈಟ್‌ನಲ್ಲಿ ನಾಕೌಟ್ ಆದವರನ್ನು ಸಾಮಾನ್ಯವಾಗಿ 60 ಅಥವಾ 90 ದಿನ ಆಡದಂತೆ ತಡೆಹಿಡಿಯುತ್ತವೆ. ಆ ಅವಧಿಯ ಹೆಚ್ಚಿನ ಭಾಗ ಪೆಟ್ಟು ಬೀಳುವ ಅಭ್ಯಾಸವನ್ನೂ ಮಾಡುವಂತಿಲ್ಲ. ಅದೇ ಮಟ್ಟದ ಪೆಟ್ಟು ಜಿಮ್‌ನಲ್ಲಿ ಬಿದ್ದರೆ ತಡೆಯುವವರು ಯಾರೂ ಇಲ್ಲ. ಮೆದುಳಿಗೆ ಅದು ಫೈಟ್, ಇದು ಅಭ್ಯಾಸ ಎಂಬ ಭೇದ ಇಲ್ಲ ಅಲ್ವಾ?

ಹೆಲ್ಮೆಟ್ ಹಾಕಿಕೊಂಡೇ ಸ್ಪಾರಿಂಗ್ ಮಾಡುತ್ತಾನೆ ಎಂದು ಅವನು ಹೇಳಬಹುದು. ತಲೆಯ ಕವಚ ಹುಬ್ಬು ಸೀಳುವುದನ್ನು, ಕಿವಿ ಜಜ್ಜುವುದನ್ನು ತಪ್ಪಿಸುತ್ತದೆ. ಒಳಗೆ ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಗಂಡಸರಿಗೆ 2013ರಲ್ಲೇ ಕವಚ ತೆಗೆದುಹಾಕಿದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವರು ಕವಚವಿಲ್ಲದೆ ಆಡಿದರು. ಆ ತೀರ್ಮಾನದ ಬಗ್ಗೆ ವಾದ ಇದೆ, ಇರಲಿ. ಕವಚ ಇದೆ ಎನ್ನುವ ಧೈರ್ಯದಲ್ಲಿ ಜೋರಾಗಿ ಹೊಡೆದಾಡುವುದಂತೂ ಮೋಸ ಹೋದಂತೆ.

ಬಾಕ್ಸಿಂಗ್‌ಗಿಂತ ಸೇಫ್ ಹೌದಾ?

ನಿಮ್ಮ ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಫೈಟ್ ಮುಗಿದ ಮೇಲಿನ ವೈದ್ಯಕೀಯ ದಾಖಲೆಗಳನ್ನು ಹೋಲಿಸಿ ನೋಡಿದ್ದರು. ಎಂಎಂಎಯಲ್ಲಿ ಗಾಯಗಳು ಜಾಸ್ತಿ. ಆದರೆ ಪ್ರಜ್ಞೆ ತಪ್ಪುವುದು ಬಾಕ್ಸಿಂಗ್‌ನಲ್ಲೇ ಜಾಸ್ತಿ. ಕಾರಣ ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ಎಂಎಂಎಯಲ್ಲಿ ನೆಲಕ್ಕೆ ಕೆಡವಿ, ಕತ್ತು ಅಥವಾ ಕೈ ಹಿಡಿದು ಗೆಲ್ಲಬಹುದು. ಸೋಲುವವನು ಟ್ಯಾಪ್ ಮಾಡಿ (ಕೈ ತಟ್ಟಿ ಸೋಲೊಪ್ಪಿ) ಎದ್ದು ಹೋಗಬಹುದು. ಬಾಕ್ಸಿಂಗ್‌ನಲ್ಲಿ ಬಿದ್ದವನಿಗೆ ಎಣಿಕೆಯ ಸಮಯ ಸಿಗುತ್ತದೆ. ತಲೆ ಮಂಕಾಗಿದ್ದರೂ ಎದ್ದು ನಿಂತು ಇನ್ನಷ್ಟು ರೌಂಡ್ ಪೆಟ್ಟು ತಿನ್ನುತ್ತಾನೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಎಂಎಂಎಯಲ್ಲಿ ಬಿದ್ದವನ ಮೇಲೆ ಎದುರಾಳಿ ಹಾರಿ ಬೀಳುತ್ತಾನೆ. 2006ರಿಂದ 2012ರವರೆಗಿನ ಯುಎಫ್‌ಸಿ (ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ) ಫೈಟ್‌ಗಳನ್ನು ಕೆನಡಾದ ಇನ್ನೊಂದು ತಂಡ ಪರಿಶೀಲಿಸಿತು. ನಾಕೌಟ್ ಮಾಡಿದ ಪೆಟ್ಟು ಬಿದ್ದ ಮೇಲೆ ರೆಫರಿ ನಿಲ್ಲಿಸುವ ತನಕ ಸರಾಸರಿ ಮೂರೂವರೆ ಸೆಕೆಂಡ್. ಅಷ್ಟರಲ್ಲಿ ಸೋತವನ ತಲೆಗೆ ಸರಾಸರಿ 2.6 ಪೆಟ್ಟು ಇನ್ನೂ ಬಿದ್ದಿರುತ್ತವೆ. ಆಗಲೇ ತನ್ನನ್ನು ತಾನು ಕಾಪಾಡಿಕೊಳ್ಳಲಾಗದವನ ಮೇಲೆ. ಕೇಜ್ ಪಕ್ಕ ಕೂತಿರುವಾಗ ನನಗೆ ಅತಿ ದೀರ್ಘ ಅನ್ನಿಸುವುದು ಈ ಮೂರು ಸೆಕೆಂಡ್. ನುರಿತ ರೆಫರಿ ಇದ್ದರೆ ಇದು ಕಡಿಮೆಯಾಗುತ್ತದೆ. ಸಣ್ಣ ಪ್ರಮೋಷನ್‌ಗಳಲ್ಲಿ (ಫೈಟ್ ಏರ್ಪಡಿಸುವ ಸಂಸ್ಥೆಗಳು) ರೆಫರಿ ಯಾರು ಎಂದು ಕೇಳುವುದು ಇದೇ ಕಾರಣಕ್ಕೆ.

ಫೈಟರ್‌ಗಳ ಮೆದುಳಿನ ಆರೋಗ್ಯದ ಬಗ್ಗೆ ಕ್ಲೀವ್‌ಲೆಂಡ್ ಕ್ಲಿನಿಕ್‌ನವರು ಲಾಸ್ ವೇಗಸ್‌ನಲ್ಲಿ 2011ರಿಂದ ಅಧ್ಯಯನ ಮಾಡುತ್ತಿದ್ದಾರೆ. ಬಾಕ್ಸರ್‌ಗಳು, ಎಂಎಂಎ ಫೈಟರ್‌ಗಳು ಇಬ್ಬರೂ ಅದರಲ್ಲಿದ್ದಾರೆ. ತಲೆಗೆ ಬಿದ್ದ ಒಟ್ಟು ಪೆಟ್ಟು ಹೆಚ್ಚಾದಷ್ಟೂ ಮೆದುಳಿನ ಕೆಲವು ಭಾಗಗಳ ಗಾತ್ರ ಕಡಿಮೆ, ಯೋಚನೆಯ ವೇಗವೂ ಕಡಿಮೆ. ಅದರಿಂದ ಬಂದ ಒಟ್ಟಾರೆ ಚಿತ್ರ ಇದು. ಬೆಲೇಟರ್ ಎಂಬ ಎಂಎಂಎ ಸಂಸ್ಥೆಯಲ್ಲಿ ಆಡುತ್ತಿದ್ದ ಜೋರ್ಡನ್ ಪಾರ್ಸನ್ಸ್ 2016ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಅವರ ಮೆದುಳನ್ನು ಪರೀಕ್ಷಿಸಿದಾಗ ಸಿಟಿಇ ಕಂಡಿತು. ಪದೇ ಪದೇ ಬೀಳುವ ತಲೆಪೆಟ್ಟಿನಿಂದ ಬರುವ ಮೆದುಳಿನ ಕಾಯಿಲೆ ಅದು. ಬದುಕಿರುವಾಗ ಅದನ್ನು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಎಲ್ಲ ಫೈಟರ್‌ಗಳಿಗೂ ಇದು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೆದ್ದವರಿಗೆ ಬರುವುದಿಲ್ಲ ಎಂದರೂ ನಂಬಬೇಡಿ.

ಹತ್ತು ಕೆ.ಜಿ.ಯ ಲೆಕ್ಕ

76ರಿಂದ 65.8ಕ್ಕೆ ಇಳಿಯುವುದೆಂದರೆ ದೇಹದ ತೂಕದ ಶೇ 13ಕ್ಕಿಂತ ಜಾಸ್ತಿ. ಇದರಲ್ಲಿ ದೊಡ್ಡ ಪಾಲು ಕೊನೆಯ ವಾರದಲ್ಲಿ ಹೋಗುವ ನೀರು. ಉಪ್ಪು ಬಿಡುತ್ತಾರೆ, ಮೊದಲು ಲೀಟರ್‌ಗಟ್ಟಲೆ ನೀರು ಕುಡಿದು ಆಮೇಲೆ ಪೂರ್ತಿ ನಿಲ್ಲಿಸುತ್ತಾರೆ. ಬಿಸಿನೀರಿನ ತೊಟ್ಟಿಯಲ್ಲಿ ಕೂರುತ್ತಾರೆ, ಸೌನಾದಲ್ಲಿ ಬೆವರು ಬಸಿಯುತ್ತಾರೆ. ತೂಕ ನೋಡಿದ ಮೇಲೆ ಫೈಟ್‌ಗೆ ಸುಮಾರು ಒಂದು ದಿನ ಇರುತ್ತದೆ. ಅಷ್ಟರಲ್ಲಿ ಎಲ್ಲ ವಾಪಸ್ ತುಂಬಿಸಿ, ಎದುರಾಳಿಗಿಂತ ದೊಡ್ಡವನಾಗಿ ಕೇಜ್‌ಗೆ ಹೋಗಬೇಕು ಎನ್ನುವುದು ಯೋಚನೆ. ಎದುರಾಳಿಯೂ ಅದನ್ನೇ ಮಾಡಿರುತ್ತಾನೆ. ಹಾಗಾಗಿ ಇಬ್ಬರಿಗೂ ಸಿಗುವ ಲಾಭ ಅಷ್ಟಕ್ಕಷ್ಟೇ.

ನೀರು ಹೋದಂತೆ ರಕ್ತ ಗಟ್ಟಿಯಾಗುತ್ತದೆ, ಹೃದಯ ಜೋರಾಗಿ ಓಡಬೇಕಾಗುತ್ತದೆ, ಕಿಡ್ನಿಗೆ ರಕ್ತ ಸಾಲದಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಿ ಹೃದಯದ ಲಯ ತಪ್ಪಬಹುದು. ಬೆವರು ನಿಂತ ಮೇಲೂ ಬಿಸಿಯಲ್ಲೇ ಕೂತರೆ ಮೈ ಕಾವು ಏರುತ್ತಲೇ ಹೋಗುತ್ತದೆ. ನಿಮ್ಮ ತಮ್ಮನನ್ನು ಇಬ್ಬರು ಹಿಡಿದುಕೊಂಡು ಬಂದರಲ್ಲ, ಅದು ಇದರ ಬಾಗಿಲಲ್ಲಿ ನಿಂತಂತೆ. ಅದನ್ನು ಶೌರ್ಯದ ವಿಡಿಯೋ ಮಾಡಿ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

2015ರ ಡಿಸೆಂಬರ್‌ನಲ್ಲಿ ಯಾಂಗ್ ಜಿಯಾನ್ ಬಿಂಗ್ ಎಂಬ 21 ವರ್ಷದ ಚೀನೀ ಫೈಟರ್ ಮನಿಲಾದಲ್ಲಿ ಒನ್ ಚಾಂಪಿಯನ್‌ಷಿಪ್ ಫೈಟ್‌ಗೆ ತೂಕ ಇಳಿಸುವಾಗ ಕುಸಿದು ತೀರಿಕೊಂಡರು. ಅದಕ್ಕೆ ಮೊದಲು 2013ರಲ್ಲಿ ಬ್ರೆಜಿಲ್‌ನ ಲಿಯಾಂಡ್ರೊ ಸೋಜಾ ಕೂಡ ಹೀಗೆಯೇ ಹೋದರು. ಇಬ್ಬರಿಗೂ ಎದುರಾಳಿಯ ಒಂದು ಪೆಟ್ಟೂ ಬಿದ್ದಿರಲಿಲ್ಲ. ಯಾಂಗ್ ತೀರಿಕೊಂಡ ಮೇಲೆ ಒನ್ ಸಂಸ್ಥೆ ನಿಯಮವನ್ನೇ ಬದಲಿಸಿತು. ಅಲ್ಲಿ ಈಗ ತೂಕದ ಜೊತೆ ಮೂತ್ರದ ಸಾಂದ್ರತೆಯನ್ನೂ ನೋಡುತ್ತಾರೆ. ದೇಹ ಒಣಗಿದ್ದರೆ ತೂಕ ಸರಿ ಇದ್ದರೂ ಪಾಸ್ ಇಲ್ಲ. ಕ್ಯಾಲಿಫೋರ್ನಿಯಾದ ಕಮಿಷನ್ 2017ರಲ್ಲಿ ಹತ್ತು ಅಂಶಗಳ ಯೋಜನೆ ತಂದಿತು. ಫೈಟ್ ದಿನದ ಹೊತ್ತಿಗೆ ಶೇ 10ಕ್ಕಿಂತ ಜಾಸ್ತಿ ತೂಕ ವಾಪಸ್ ಬಂದವರಿಗೆ ಮೇಲಿನ ವಿಭಾಗಕ್ಕೆ ಹೋಗಿ ಎಂದು ಅಲ್ಲಿ ಹೇಳುತ್ತಾರೆ.

ಡ್ರಿಪ್ ಹಾಕಿಸಿಕೊಂಡರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದ ಪ್ರಕಾರ ಆಸ್ಪತ್ರೆಯಲ್ಲಿ ಚಿಕಿತ್ಸೆಗಾಗಿ ಬಿಟ್ಟರೆ 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಜಾಸ್ತಿ ಡ್ರಿಪ್ ನಿಷೇಧ. ಅದು ಬೇರೆ, ಒಂದು ದಿನದಲ್ಲಿ ಕುಡಿದ ನೀರು ಹೊಟ್ಟೆಗೆ ಬರುತ್ತದೆ, ತೂಕ ಏರುತ್ತದೆ, ಆದರೆ ದೇಹದ ಎಲ್ಲ ಕಡೆಯೂ ಮೊದಲಿನಂತೆ ತುಂಬಿಕೊಳ್ಳಲು ಇನ್ನೂ ಹೊತ್ತು ಬೇಕು. ಅರ್ಧ ಒಣಗಿದ ಮೈಯಲ್ಲಿ ತಲೆಗೆ ಪೆಟ್ಟು ತಿನ್ನುವುದು ಯಾವ ಡಾಕ್ಟರಿಗೂ ಇಷ್ಟವಾಗುವ ವಿಷಯ ಅಲ್ಲ.

ಮೇಲಿನ ವಿಭಾಗಕ್ಕೆ ಹೋದರೆ ಚಿಕ್ಕವನಾಗಿ ಸೋಲುತ್ತೇನೆ ಎಂದು ಹುಡುಗರು ಹೆದರುತ್ತಾರೆ. ಯುಎಫ್‌ಸಿಯಲ್ಲಿ ಡಸ್ಟಿನ್ ಪೊರಿಯೆ 65.8 ಕೆ.ಜಿ. ಬಿಟ್ಟು 2015ರಲ್ಲಿ 70.3ಕ್ಕೆ ಹೋದರು, 2019ರಲ್ಲಿ ಅಲ್ಲೇ ಮಧ್ಯಂತರ ಚಾಂಪಿಯನ್ ಆದರು. ರಾಬರ್ಟ್ ವಿಟ್ಟೇಕರ್ 77ರಿಂದ 83.9ಕ್ಕೆ ಹೋಗಿ ಚಾಂಪಿಯನ್ ಆದರು. ಡೇನಿಯಲ್ ಕಾರ್ಮಿಯರ್ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಕುಸ್ತಿಯಾಳಾಗಿ ಹೋಗಿ, ತೂಕ ಇಳಿಸುವಾಗ ಕಿಡ್ನಿ ಕೈಕೊಟ್ಟು ಆಡಲೇ ಆಗಲಿಲ್ಲ. ಅದೇ ಮನುಷ್ಯ ಹತ್ತು ವರ್ಷದ ಮೇಲೆ ಹೆವಿವೇಟ್‌ನಲ್ಲಿ ಯುಎಫ್‌ಸಿ ಚಾಂಪಿಯನ್ ಆದರು.

ನಿಮ್ಮ ತಮ್ಮ 70.3 ಕೆ.ಜಿ.ಯಲ್ಲಿ ಆಡಲಿ. ವಾರಕ್ಕೆ ಅರ್ಧದಿಂದ ಮುಕ್ಕಾಲು ಕೆ.ಜಿ. ಕೊಬ್ಬು ನಿಧಾನವಾಗಿ ಇಳಿಸಿದರೆ, ಕೊನೆಗೆ ಎರಡು ಮೂರು ಕೆ.ಜಿ. ನೀರು ಮಾತ್ರ ಉಳಿಯುತ್ತದೆ. ಅದರಲ್ಲೂ ಅಪಾಯ ಇಲ್ಲ ಅನ್ನಲಾರೆ. ಆದರೆ ನೋಡಿಕೊಳ್ಳುವವರು ಪಕ್ಕದಲ್ಲಿದ್ದರೆ ಸಂಭಾಳಿಸಬಹುದು. ಒಂಟಿಯಾಗಿ ಸೌನಾಕ್ಕೆ ಹೋಗುವುದು, ಮೂತ್ರ ಹೋಗಲು ಮಾತ್ರೆ ತಿನ್ನುವುದು ಮಾತ್ರ ಯಾವ ವಿಭಾಗದಲ್ಲೂ ಬೇಡ.

ಜೀವನ ನಡೆಯುತ್ತದಾ?

ದುಡ್ಡಿನ ವಿಷಯದಲ್ಲಿ ಮೆತ್ತಗೆ ಮಾತಾಡಿದರೆ ಅವನಿಗೆ ಅನ್ಯಾಯ ಮಾಡಿದಂತೆ. ನಾವು ಟಿವಿಯಲ್ಲಿ ನೋಡುವ ಕೋಟ್ಯಧಿಪತಿಗಳು ಬೆರಳೆಣಿಕೆಯಷ್ಟು ಮಂದಿ. ಹೆಚ್ಚಿನ ಕಾಂಟ್ರ್ಯಾಕ್ಟ್‌ಗಳಲ್ಲಿ ಎರಡು ಭಾಗ ಇರುತ್ತದೆ. ಆಡಿದ್ದಕ್ಕೆ ಇಷ್ಟು, ಗೆದ್ದರೆ ಇನ್ನೂ ಅಷ್ಟು. ಯುಎಫ್‌ಸಿಯಂಥ ಜಗತ್ತಿನ ಅತಿ ದೊಡ್ಡ ಸಂಸ್ಥೆಯಲ್ಲೇ ಹೊಸಬರಿಗೆ ಬಹಳ ಕಾಲ ಆಡಿದ್ದಕ್ಕೆ 10,000 ಡಾಲರ್, ಗೆದ್ದರೆ ಮತ್ತೆ 10,000 ಡಾಲರ್ ಎಂಬುದು ಸಾಮಾನ್ಯ ಲೆಕ್ಕವಾಗಿತ್ತು. ಸೋತರೆ ಅರ್ಧ ಹೋಯಿತು. ಉಳಿದದ್ದರಲ್ಲಿ ಮ್ಯಾನೇಜರ್, ಕೋಚ್, ತೆರಿಗೆ, ಅಭ್ಯಾಸದ ಖರ್ಚು, ವೈದ್ಯಕೀಯ ಪರೀಕ್ಷೆ ಎಲ್ಲ ಕಳೆಯಬೇಕು. ಗಾಯವಾದರೆ ಆ ವರ್ಷ ಫೈಟೇ ಇಲ್ಲ. ಸಣ್ಣ ಪ್ರಮೋಷನ್‌ಗಳಲ್ಲಿ ಸಿಗುವುದು ಇದಕ್ಕಿಂತ ಎಷ್ಟೋ ಕಡಿಮೆ.

ಫೈಟರ್‌ಗಳು ಸಂಬಳದ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಪಿಂಚಣಿ ಇಲ್ಲ, ಗಟ್ಟಿಯಾದ ಯೂನಿಯನ್ ಇಲ್ಲ. ಬಾಕ್ಸರ್‌ಗಳ ರಕ್ಷಣೆಗೆ ಅಮೆರಿಕದಲ್ಲಿ 2000ದಲ್ಲಿ ಮುಹಮ್ಮದ್ ಅಲಿ ಹೆಸರಿನ ಕಾಯಿದೆ ಬಂತು, ಆದರೆ ಅದನ್ನು ಬರೆದದ್ದು ಬಾಕ್ಸಿಂಗ್‌ಗೆ, ಎಂಎಂಎ ಅದರೊಳಗೆ ಬರಲಿಲ್ಲ. ಕುಂಗ್ ಲೀ ಮತ್ತಿತರ ಫೈಟರ್‌ಗಳು 2014ರಲ್ಲಿ ಯುಎಫ್‌ಸಿ ಮೇಲೆ ಮೊಕದ್ದಮೆ ಹೂಡಿದರು. ಪೈಪೋಟಿಯನ್ನೇ ಹೊಸಕಿ ನಮ್ಮ ಸಂಭಾವನೆ ತುಳಿದಿದ್ದಾರೆ ಎಂಬುದು ಅವರ ವಾದ. ಹತ್ತು ವರ್ಷ ಎಳೆದಾಡಿ, ಕೊನೆಗೆ 37.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಗಿ, 2025ರಲ್ಲಿ ನ್ಯಾಯಾಲಯ ಅದಕ್ಕೆ ಅಂತಿಮ ಒಪ್ಪಿಗೆ ಕೊಟ್ಟಿತು. ದೊಡ್ಡ ಸಂಸ್ಥೆಗಳ ಹೆಸರು ಕೇಳಿ ಕಣ್ಣು ಮುಚ್ಚಿ ಸಹಿ ಹಾಕುವವರಿಗೆ ಈ ಕಥೆ ಹೇಳುತ್ತೇನೆ.

ಸ್ಟೀಪೆ ಮಿಯೊಚಿಚ್ ಯುಎಫ್‌ಸಿ ಹೆವಿವೇಟ್ ಚಾಂಪಿಯನ್ ಆಗಿದ್ದಾಗಲೂ ಅಗ್ನಿಶಾಮಕ ದಳದ ಕೆಲಸ ಬಿಟ್ಟಿರಲಿಲ್ಲ. ಆ ಕೆಲಸ ತನಗೆ ಇಷ್ಟ ಎಂದೇ ಅವರು ಹೇಳುತ್ತಿದ್ದರು. ಆದರೂ ಇದರಲ್ಲಿ ನಿಮ್ಮ ತಮ್ಮನಿಗೆ ಉತ್ತರ ಇದೆ. ಒಂದೇ ಒಂದು ಪ್ರೊಫೆಷನಲ್ ಫೈಟ್ ಆಡದೆ ಕೆಲಸ ಬಿಡುವ ಅಗತ್ಯ ಏನಿದೆ? ಇನ್ನೊಂದು ಕಾರಣವೂ ಇದೆ, ಅದು ವೈದ್ಯನಾಗಿ ನನಗೆ ಮುಖ್ಯ. ಮನೆ ನಡೆಸಲು ಫೈಟ್ ದುಡ್ಡೇ ಗತಿ ಅಂತಾದವನು ತಲೆನೋವು ಮುಚ್ಚಿಡುತ್ತಾನೆ. ಬೇರೆ ಆದಾಯ ಇರುವವನು ‘ಈ ಸಲ ಆಗಲ್ಲ’ ಎಂದು ಹೇಳಬಲ್ಲ.

ಎಷ್ಟು ವರ್ಷ ಎಂದು ಕೇಳಿದ್ದೀರಿ. ಬಹುಪಾಲು ಫೈಟರ್‌ಗಳ ಉತ್ತಮ ಕಾಲ ಇಪ್ಪತ್ತರ ಕೊನೆಯಿಂದ ಮೂವತ್ತರ ಮೊದಲ ಅರ್ಧ. ವೇಗವೇ ಬಂಡವಾಳವಾದ ಕಡಿಮೆ ತೂಕದ ವಿಭಾಗಗಳಲ್ಲಿ ಇಳಿಕೆ ಬೇಗ ಶುರು. ಗ್ಲೋವರ್ ಟೆಷೇರಾ 2021ರಲ್ಲಿ 42ನೇ ವಯಸ್ಸಿನಲ್ಲಿ ಚಾಂಪಿಯನ್ ಆದದ್ದು ನಿಜ, ಆದರೆ ಅದು 93 ಕೆ.ಜಿ. ವಿಭಾಗ. ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ವಯಸ್ಸಿಗಿಂತ ಪೆಟ್ಟಿನ ಲೆಕ್ಕ ಮುಖ್ಯ. ಚಕ್ ಲಿಡೆಲ್ 2008ರಿಂದ 2010ರೊಳಗೆ ಸಾಲಾಗಿ ಮೂರು ಸಲ ನಾಕೌಟ್ ಆಗಿ ನಿವೃತ್ತರಾದರು. 2018ರಲ್ಲಿ ವಾಪಸ್ ಬಂದರು, ಮತ್ತೆ ನಾಕೌಟ್ ಆದರು. ಖಬೀಬ್ ನೂರ್‌ಮಗೊಮೆಡೊವ್ 2020ರಲ್ಲಿ 29 ಫೈಟ್ ಗೆದ್ದು, ಒಂದೂ ಸೋಲದೆ, ಬೆಲ್ಟ್ ಇದ್ದಾಗಲೇ ಬಿಟ್ಟರು. ಹಿಡಿದು ಕೆಡವುವ ಆಟ ಅವರದು, ನಿಂತು ಪೆಟ್ಟು ಬದಲಾಯಿಸಿಕೊಳ್ಳುವ ಆಟ ಅಲ್ಲ. ಅವರು ತಿಂದ ಪೆಟ್ಟು ಎಷ್ಟು ಕಡಿಮೆ ಎಂದು ನಿಮ್ಮ ತಮ್ಮನಿಗೇ ನೋಡಲು ಹೇಳಿ.

ತಲೆ ಬಿಟ್ಟು ಬೇರೆ ಗಾಯಗಳೂ ವೃತ್ತಿ ನಿಲ್ಲಿಸುತ್ತವೆ. ಮೊಣಕಾಲಿನ ಲಿಗಮೆಂಟ್, ಭುಜ, ಕೈ ಮೂಳೆ ಮುರಿತ, ಚಾಪೆಯಿಂದ ಬರುವ ಚರ್ಮದ ಸೋಂಕು. ಕಣ್ಣಿನ ಬಗ್ಗೆ ಮಾತ್ರ ಒಂದು ಮಾತು. ಮೈಕಲ್ ಬಿಸ್ಪಿಂಗ್ 2013ರ ಒಂದು ಫೈಟ್‌ನಲ್ಲಿ ಕಣ್ಣಿನ ಪೆಟ್ಟು ತಿಂದು, ರೆಟಿನಾ ಕಳಚಿ, ಆ ಕಣ್ಣನ್ನೇ ಕಳೆದುಕೊಂಡರು. ಅದನ್ನು ಮುಚ್ಚಿಟ್ಟುಕೊಂಡೇ 2016ರಲ್ಲಿ ಚಾಂಪಿಯನ್ ಆದರು. ಜನ ಅದನ್ನು ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಒಂದು ಕಣ್ಣಿನ ಮನುಷ್ಯನನ್ನು ಅಷ್ಟು ಸಲ ಕೇಜ್‌ಗೆ ಬಿಟ್ಟ ತಪಾಸಣೆಗಳು. ಕಣ್ಣ ಮುಂದೆ ಮಿಂಚು, ತೇಲುವ ಚುಕ್ಕೆ, ಪರದೆ ಎಳೆದಂಥ ನೆರಳು ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ್ ಬಳಿ ಹೋಗಬೇಕು.

ನಿಮ್ಮ ಮುಂದಿರುವ ದಾರಿಗಳು

‘ಬೇಡವೇ ಬೇಡ’ ಎಂದು ತಡೆಯುವುದು ಒಂದು ದಾರಿ. ವಯಸ್ಸಿಗೆ ಬಂದ ಹುಡುಗನ ವಿಷಯದಲ್ಲಿ ಇದು ಅಪರೂಪಕ್ಕೆ ಫಲ ಕೊಡುತ್ತದೆ. ಹೆಚ್ಚಾಗಿ ಆಗುವುದು ಏನೆಂದರೆ ಅವನು ಮನೆಯಲ್ಲಿ ಹೇಳುವುದನ್ನು ನಿಲ್ಲಿಸುತ್ತಾನೆ. ಸದ್ಯ ಅವನು ತಲೆನೋವಿನ ಸುದ್ದಿ ನಿಮಗೆ ಹೇಳಿದ್ದಾನಲ್ಲ, ಅದು ದೊಡ್ಡದು. ಅದನ್ನು ಕಳೆದುಕೊಳ್ಳಬೇಡಿ.

ಹೇಳಿದಂತೆ ಬಿಟ್ಟುಬಿಡುವುದು ಇನ್ನೊಂದು. ಈ ಪೆಟ್ಟು, ಈ ತೂಕ, ಈ ಆರು ವಾರ ಒಟ್ಟಿಗೆ ಇರುವಾಗ ಅದಕ್ಕೆ ನಾನು ಒಪ್ಪಲಾರೆ.

ಈ ಫೈಟ್ ಬಿಟ್ಟು, ಕೆಲಸ ಇಟ್ಟುಕೊಂಡು, ಇನ್ನೊಂದು ವರ್ಷ ಅಮೆಚೂರ್ ಆಗಿಯೇ 70.3ರಲ್ಲಿ ಆಡುವುದು ಮೂರನೆಯದು. ನನ್ನ ಮನಸ್ಸು ಇರುವುದು ಇದರ ಕಡೆ. ಅವಕಾಶ ಕೈತಪ್ಪುತ್ತದೆ, ಬೇಜಾರಾಗುತ್ತದೆ, ಜಿಮ್‌ನಲ್ಲಿ ಯಾರಾದರೂ ಹೆದರಿದ ಅನ್ನಲೂಬಹುದು. ಆದರೆ 23ರ ಹುಡುಗನಿಗೆ ಒಂದು ವರ್ಷ ದೊಡ್ಡ ನಷ್ಟ ಅಲ್ಲ. ಮೊದಲ ಪ್ರೊಫೆಷನಲ್ ಫೈಟ್‌ನಲ್ಲೇ ನಾಕೌಟ್ ಆದರೆ ಆಗುವ ನಷ್ಟ ಇದಕ್ಕಿಂತ ಜಾಸ್ತಿ.

ಪೆಟ್ಟಿಲ್ಲದ ಕಡೆಗೆ ಹೊರಳುವುದೂ ಒಂದು ದಾರಿ. ಬ್ರೆಜಿಲಿಯನ್ ಜಿಯು-ಜಿತ್ಸು, ಸಬ್‌ಮಿಷನ್ ಗ್ರಾಪ್ಲಿಂಗ್‌ನಲ್ಲಿ ಸ್ಪರ್ಧೆಗಳಿವೆ. ಕೀಲು ನೋವು, ಕತ್ತು ನೋವು ಇದ್ದೇ ಇರುತ್ತದೆ, ತಲೆಗೆ ಗುದ್ದು ಇರುವುದಿಲ್ಲ. ದುಡ್ಡು ಅಲ್ಲೂ ಕಡಿಮೆಯೇ. ಮುಂದೆ ಕೋಚ್ ಆಗುವ ಆಸೆ ಇದ್ದರೆ ಈ ವಿದ್ಯೆ ಹೆಚ್ಚು ವರ್ಷ ಕೈಹಿಡಿಯುತ್ತದೆ.

ಅವನು ಯಾವ ದಾರಿ ಹಿಡಿದರೂ ಕೋಚ್ ಜೊತೆ ನೀವು ಒಮ್ಮೆ ಕೂತು ಮಾತಾಡಿ. ವಾರಕ್ಕೆ ಎಷ್ಟು ದಿನ ಜೋರಾದ ಸ್ಪಾರಿಂಗ್? ಕುಸಿದವನನ್ನು ಎಷ್ಟು ದಿನ ಹೊರಗಿಡುತ್ತೀರಿ? ತೂಕ ಇಳಿಸುವಾಗ ಪಕ್ಕದಲ್ಲಿ ಯಾರು ಇರುತ್ತಾರೆ? ಅವನು ಬೇಡ ಅಂದರೂ ಟವೆಲ್ ಎಸೆದು ಫೈಟ್ ನಿಲ್ಲಿಸುತ್ತೀರಾ? ಹುಡುಗರಲ್ಲಿ ಒಬ್ಬನನ್ನಾದರೂ ನೀವೇ ಫೈಟ್‌ನಿಂದ ಹಿಂದೆ ಕರೆದದ್ದು ಇದೆಯಾ? ಒಳ್ಳೆಯ ಕೋಚ್‌ಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ. ಎಷ್ಟೋ ಮಂದಿ ಮನೆಯವರು ಹೀಗೆ ಬಂದು ಕೇಳಿದ್ದಕ್ಕೆ ಖುಷಿ ಪಡುತ್ತಾರೆ. ‘ನಮ್ಮಲ್ಲಿ ಎಲ್ಲರೂ ಹೀಗೇ ಗಟ್ಟಿಯಾಗಿದ್ದು’ ಎಂಬ ಉತ್ತರ ಬಂದರೆ ಜಿಮ್ ಬದಲಿಸುವ ಮಾತು ಶುರು ಮಾಡಿ.

ಜೋರಾದ ಸ್ಪಾರಿಂಗ್ ಇಲ್ಲದೆ ಫೈಟರ್ ತಯಾರಾಗುವುದಿಲ್ಲ ಎಂದು ಅವನು ವಾದಿಸಿದರೆ ಯುಎಫ್‌ಸಿ ಫೈಟರ್ ಮ್ಯಾಕ್ಸ್ ಹಾಲೋವೇ ಹೆಸರು ಹೇಳಿ. ತಾನು ಸ್ಪಾರಿಂಗ್ ಬಿಟ್ಟಿದ್ದೇನೆ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಹಾಗೆ ತಯಾರಾಗಿ 2021ರ ಜನವರಿಯಲ್ಲಿ ಕ್ಯಾಲ್ವಿನ್ ಕೇಟರ್ ವಿರುದ್ಧ ಐದು ರೌಂಡ್‌ನಲ್ಲಿ 445 ಪ್ರಮುಖ ಪೆಟ್ಟು ಹೊಡೆದು ಯುಎಫ್‌ಸಿ ದಾಖಲೆ ಬರೆದರು. ಹಾಲೋವೇ ಬೆನ್ನಿಗೆ ಹತ್ತು ವರ್ಷದ ಅನುಭವ ಇತ್ತು ಎಂಬುದನ್ನೂ ಮರೆಯಬಾರದು. ಹೊಸಬನಿಗೆ ಸ್ವಲ್ಪ ಸ್ಪಾರಿಂಗ್ ಬೇಕೇ ಬೇಕು. ಅಳತೆ ತಪ್ಪದ, ಹದವಾದ ಸ್ಪಾರಿಂಗ್ ಸಾಕು. ಗುರಿ ಇಟ್ಟ ಡ್ರಿಲ್, ಕುಸ್ತಿ, ಪ್ಯಾಡ್ ಕೆಲಸದಲ್ಲಿ ಕಲಿಯಬೇಕಾದದ್ದು ಬೇಕಾದಷ್ಟಿದೆ.

ಈಗ ಈ ವಾರ ಮಾಡಬೇಕಾದದ್ದು. ಕನ್ಕಷನ್ ನೋಡಿ ಅನುಭವ ಇರುವ ಕ್ರೀಡಾ ವೈದ್ಯರು ಅಥವಾ ನರರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ. ನೆನಪು, ಗಮನ, ಸಮತೋಲ, ಕಣ್ಣಿನ ಚಲನೆ ಎಲ್ಲ ಪರೀಕ್ಷೆ ಆಗಲಿ. ಅವರು ಬರೆದುಕೊಡುವ ತನಕ ತಲೆಗೆ ಪೆಟ್ಟು ಬೀಳುವ ಯಾವ ಅಭ್ಯಾಸವೂ ಬೇಡ. ನಡಿಗೆ, ಸೈಕಲ್, ಹಗುರ ಓಟ ಮಾಡಬಹುದು. ಅದರಲ್ಲಿ ತಲೆನೋವು, ತಲೆಸುತ್ತು ಬರದಿದ್ದರೆ ಒಂದೊಂದೇ ಮೆಟ್ಟಿಲು ಏರುತ್ತಾ, ಕೊನೆಯ ಮೆಟ್ಟಿಲಿಗೆ ಸ್ಪಾರಿಂಗ್. ನಡುವೆ ಬೆಳಕು ಚುಚ್ಚುವುದು, ನಿದ್ದೆ ಕೆಡುವುದು, ಸಣ್ಣದಕ್ಕೂ ರೇಗುವುದು, ಹೇಳಿದ್ದು ಮರೆಯುವುದು ಕಂಡರೆ ಡಾಕ್ಟರಿಗೆ ತಿಳಿಸಿ. ಇವನ್ನು ಅವನಿಗಿಂತ ಮೊದಲು ಗಮನಿಸುವುದು ಮನೆಯವರೇ. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ, ಫಿಟ್ಸ್ ಬಂದರೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಹೋಗುವಾಗ ಹಳೆಯ ಸ್ಕ್ಯಾನ್, ಪೆಟ್ಟು ಬಿದ್ದ ದಿನಾಂಕ, ಇದಕ್ಕೆ ಮೊದಲು ಹೀಗೆ ಆದದ್ದಿದ್ದರೆ ಅದರ ವಿವರ ಬರೆದುಕೊಂಡು ಹೋಗಿ. ಹಿಂದಿನ ಪೆಟ್ಟುಗಳನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ. ಒಂದು ಸಲ ಜೊತೆಗೆ ಕೂತು ಕೇಳಿ. ಅಕ್ಕನ ಹತ್ತಿರ ಹೇಳುತ್ತಾನೆ.